ಯಥಾಸ್ಥಿತಿ

ಸಭೆ ಹನ್ನೊಂದಕ್ಕೆ ಎಂದು ಕಾಗದದಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೂ ಅವನು ಒಂಬತ್ತೂವರೆಗೇ ಬಂದು, ಎರಡನೇ ಮಹಡಿಯ ಕಾರಿಡಾರಿನಲ್ಲಿ, ಒಂದು ಕಾಲು ಗಿಡ್ಡವಾಗಿದ್ದ ಬೆಂಚಿನ ಮೇಲೆ, ಅದು ಲಟಕ್ಕೆನ್ನದ ಹಾಗೆ ಮೈ ಬಿಗಿಹಿಡಿದು ಕೂತಿದ್ದ. ಬೇಗ ಬಂದವನಿಗೆ ಕಚೇರಿಯಲ್ಲಿ ಮೂರು ಕಾಸಿನ ಬೆಲೆಯಿಲ್ಲವೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ಕೂರಲಾಗಲಿಲ್ಲ, ಅಷ್ಟೆ. ಕೆಳಗೆ ಬಾಗಿಲಲ್ಲಿ ಅಟೆಂಡರು ಒಂದು ದಪ್ಪ ಪುಸ್ತಕ ತಳ್ಳಿ ಹೆಸರು, ವಿಳಾಸ, ಬಂದ ಕಾರಣ ಬರೀರಿ ಎಂದಿದ್ದ. ಮೊದಲೆರಡನ್ನು ಸಲೀಸಾಗಿ ಬರೆದವನು ಮೂರನೆಯದರ ಮುಂದೆ ಪೆನ್ನು ಹಿಡಿದು ನಿಂತುಬಿಟ್ಟ. ಬಂದ ಕಾರಣವನ್ನು ಬೆರಳಗಲದ ಜಾಗದಲ್ಲಿ ಬರೆಯುವುದು ಹೇಗೆ? ಹಿಂದೆ ನಿಂತವರು ಕೆಮ್ಮಿದರು. ಕೊನೆಗೆ ‘ಜೌಗು’ ಎಂದು ಬರೆದ. ಅಟೆಂಡರು ತಲೆಕೆಳಗಾಗಿಯೇ ಓದಿ, “ಗೋಡೆ ಜೌಗಾ? ನೀರು ಸೋರೋ ಕಂಪ್ಲೇಂಟು ನೆಲಮಹಡಿ, ಎಡಗಡೆ ಮೂರನೇ ಬಾಗಿಲು,” ಎಂದ. “ಅಲ್ಲ ಸಾರ್, ಹಕ್ಕಿ ಇರೋ ಜೌಗು. ಸಂರಕ್ಷಿತ ಪ್ರದೇಶ. ನಾನು ಅಲ್ಲಿ ಕಾವಲಿನವನು.” “ಓಹೋ, ಹಕ್ಕಿ!” ಎಂದು ಅಟೆಂಡರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಮತ್ತೆ ಕಾಲಿಗೇ ಬಂದು, “ಒರೆಸ್ಕೊಂಡು ಹತ್ತಿ,” ಎಂದ. ಬೆಳಿಗ್ಗೆ ಎರಡು ಸಲ ಉಜ್ಜಿದ ಬೂಟು ಅದು. ಅದರಲ್ಲಿ ಒಂದು ಚೂರೂ ಕೆಸರಿರಲಿಲ್ಲ. ಆದರೂ ಅವನು ನಿಂತು ಒರೆಸಿದ. ಒರೆಸಿದ್ದು ಯಾಕೆ ಎಂದು ಈಗ ಬೆಂಚಿನ ಮೇಲೆ ಕೂತು ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಉದ್ದ ಕಾಲು, ಉದ್ದ ಕತ್ತು, ಒಂದೇ ಕಡೆ ಗಂಟೆಗಟ್ಟಲೆ ನಿಲ್ಲುವ ಅಭ್ಯಾಸ. ಊರಿನವರು ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಸಂಬಳದ ಪಟ್ಟಿಯಲ್ಲಿ ಮಾತ್ರ ಬೇರೆ ಹೆಸರಿತ್ತು. ಕೋಟಿನ ಒಳಜೇಬಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಕಾಗದದಲ್ಲಿ ಎರಡೂ ಇರಲಿಲ್ಲ. ಅಲ್ಲಿ ಅವನು ‘ಸದರಿ ಕಾವಲುಗಾರರು’. ಸದರಿ ಕಾವಲುಗಾರರು ಇಟ್ಟ ದಾಖಲೆಯ ಪ್ರಕಾರ ಪ್ರದೇಶವು ಇನ್ನೂರ ಅರವತ್ತನಾಲ್ಕು ತಿಂಗಳಿಂದ ಯಥಾಸ್ಥಿತಿಯಲ್ಲಿದ್ದು, ತನ್ನನ್ನು ತಾನೇ ಕಾಪಾಡಿಕೊಳ್ಳುವ ಹಂತ ತಲುಪಿರುವುದರಿಂದ, ನಿರ್ವಹಣಾ ಅನುದಾನ ಮುಂದುವರಿಸುವ ಅಗತ್ಯ ಕಂಡುಬರುವುದಿಲ್ಲ. ಅದನ್ನು ಅವನು ನಿನ್ನೆಯಿಂದ ಎಷ್ಟು ಸಲ ಓದಿದ್ದನೆಂದರೆ ಈಗ ಕಾಗದ ತೆಗೆಯುವ ಅಗತ್ಯವೂ ಇರಲಿಲ್ಲ. ಕೆಳಗೆ ಸಹಿ ಇತ್ತು. ಮೌಲ್ಯಮಾಪನ ಅಧಿಕಾರಿ. ಆ ಸಹಿಯ ಮೊದಲ ಅಕ್ಷರದ ಬಾಲ ಬಲಕ್ಕೆ ಸೊಟ್ಟಗೆ ಓಡುವುದನ್ನು ಅವನು ಅವಳ ಸ್ಲೇಟಿನ ಕಾಲದಿಂದ ಬಲ್ಲ. ಪುಟ್ಟಿ. ತಮ್ಮನ ಮಗಳು.

“ಮಗಳಿದ್ದ ಹಾಗೆ, ಮಗಳಿದ್ದ ಹಾಗೆ ಅಂತ ಊರೆಲ್ಲಾ ಹೇಳ್ಕೊಂಡು ಬಂದ್ರಿ,” ಎಂದಿದ್ದಳು ಹೆಂಡತಿ ಬೆಳಿಗ್ಗೆ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. ಆಸ್ಪತ್ರೆಯವರ ಹಸಿರು ಗೌನುಗಳ ರಾಶಿ ಅವಳ ಎದೆಯ ಮಟ್ಟಕ್ಕಿತ್ತು. “ಉಂಡ ಮನೆ ಜಂತೆ ಎಣಿಸಿದಳಲ್ಲ, ಈಗೇನಂತೀರಿ?” ಅವನು ಎಂದಿನಂತೆ ಪುಟ್ಟಿಯ ಪರ ವಹಿಸಿದ. “ಅವಳ ಕೈಯಲ್ಲಿ ಏನಿದೆ? ಮೇಲಿನವರು ಬರೆಸಿರ್ತಾರೆ.” “ಮೇಲಿನವರಿಗೆ ನಿಮ್ಮ ರಿಜಿಸ್ಟರು ಎಲ್ಲಿದೆ ಅಂತ ಕನಸು ಬಿದ್ದಿತ್ತಾ? ಹೋದ ತಿಂಗಳು ಬಂದು, ದೊಡ್ಡಮ್ಮಾ ಅಂತ ಕೊರಳಿಗೆ ಬಿದ್ದು, ಇಪ್ಪತ್ತೆರಡು ಪುಸ್ತಕಾನೂ ಕಾರಿಗೆ ತುಂಬ್ಕೊಂಡು ಹೋದಳಲ್ಲ, ಆಗ ಪೆಟ್ಟಿಗೆ ಹೊತ್ತುಕೊಟ್ಟವರು ಯಾರು?” ಹೊತ್ತುಕೊಟ್ಟವನು ಅವನೇ. ಎರಡು ಸುತ್ತು ಹೊತ್ತಿದ್ದ, ಬಾಯಿ ತುಂಬ ನಗುತ್ತ. ಕೊನೆಗೂ ಯಾರೋ ಓದುತ್ತಾರೆ, ಅದೂ ನಮ್ಮ ಪುಟ್ಟಿ ಓದುತ್ತಾಳೆ ಎಂದು ಹಿಗ್ಗಿದ್ದ. ಕಾರು ಹೊರಟಾಗ ಅವಳು ಕಿಟಕಿಯಿಂದ ಕೈ ಚಾಚಿ ಅವನ ಕೈ ಒತ್ತಿದ್ದಳು. ಆ ಒತ್ತುವಿಕೆಯಲ್ಲಿ ಏನಿತ್ತು ಎಂದು ನಿನ್ನೆಯಿಂದ ಹುಡುಕುತ್ತಿದ್ದಾನೆ. ಪ್ರೀತಿಯಿತ್ತು. ಅದು ಸುಳ್ಳಾಗಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಯಥಾಸ್ಥಿತಿ ಎಂಬ ಪದವನ್ನು ಅವನಿಗೆ ಕೊಟ್ಟದ್ದು ಮೊದಲ ಮೇಲ್ವಿಚಾರಕ. ಈಗ ಸತ್ತಿದ್ದಾನೆ. ಕೆಲಸಕ್ಕೆ ಸೇರಿದ ದಿನ ರಿಜಿಸ್ಟರು ತೆರೆದು, ಇದು ತಾರೀಕು, ಇದು ನೀರಿನ ಮಟ್ಟ, ಇದು ಹಕ್ಕಿಗಳ ಎಣಿಕೆ, ಈ ಕೊನೆಯದು ಪ್ರದೇಶದ ಸ್ಥಿತಿ, ಎಲ್ಲಾ ಸರಿಯಿದ್ದರೆ ಯಥಾಸ್ಥಿತಿ ಅಂತ ಬರಿ, ಜಾಸ್ತಿ ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ ಎಂದಿದ್ದ. ಎಂಥ ಗತ್ತಿನ ಪದ! ಅವನು ತಿಂಗಳ ಕೊನೆಗೆ ಕಾಯುತ್ತಿದ್ದ, ಅದನ್ನು ಬರೆಯುವುದಕ್ಕೆ. ಬರೆದದ್ದು ಮಾತ್ರ ‘ಯತಾಸ್ತಿತಿ’ ಎಂದು. ಏಳು ವರ್ಷದ ಪುಟ್ಟಿ ಅವನ ಮೊಣಕೈ ಕೆಳಗೆ ತಲೆ ತೂರಿಸಿ, “ದೊಡ್ಡಪ್ಪಾ, ಇದು ತ ಅಲ್ಲ, ಥ. ಹೊಟ್ಟೆಯೊಳಗೆ ಚುಕ್ಕಿ ಇರೋ ಥ. ಎರಡು ಕಡೆನೂ,” ಎಂದು ಅವನ ಕೈ ಹಿಡಿದು ತಿದ್ದಿಸಿದ್ದಳು. ತಮ್ಮ ಲಾರಿ ಮೇಲೆ ಊರೂರು ಸುತ್ತುತ್ತಿದ್ದ, ತಮ್ಮನ ಹೆಂಡತಿಗೆ ಪಾಳಿ ಕೆಲಸ. ಮಕ್ಕಳಿಲ್ಲದ ಈ ಮನೆಯಲ್ಲೇ ಹುಡುಗಿ ಬೆಳೆದಳು. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಏರಿಯ ಉದ್ದಕ್ಕೂ ಹಕ್ಕಿ ಎಣಿಸುತ್ತಿದ್ದಳು. ಎಣಿಸಿದ್ದನ್ನು ಅವನು ಬರೆಯುತ್ತಿದ್ದ. ಹೊಟ್ಟೆಯೊಳಗೆ ಚುಕ್ಕಿ ಇಡುವುದನ್ನು ಅಂದಿನಿಂದ ಒಂದು ತಿಂಗಳೂ ಮರೆತಿರಲಿಲ್ಲ.

ಹತ್ತೂಕಾಲಾಯಿತು. ಎದುರಿನ ಕೋಣೆಯಿಂದ ಒಬ್ಬಾಕೆ ಕಡತ ಹಿಡಿದು ಬಂದು, ಅವನನ್ನು ದಾಟಿ, ಮತ್ತೆ ವಾಪಸಾಗಿ, ಏನಾದರೂ ಬೇಕಿತ್ತೇ ಎಂದು ಕೇಳಿದಳು. ಏನೂ ಬೇಡ ಎಂದ. ಏನೂ ಬೇಡವೆಂಬ ಮಾತು ಬಾಯಿಂದ ಎಷ್ಟು ಸುಲಭವಾಗಿ ಬಂತು! ಬೇಕಾದ್ದು ಇತ್ತಲ್ಲ. ಅಲ್ಲಿ ಈಗ ಏನಾಗುತ್ತಿರಬಹುದು? ತೂಬನ್ನು ಬೆಳಿಗ್ಗೆ ಐದಕ್ಕೆ ಎರಡು ಗೇಣು ಎತ್ತಿ ಬಂದಿದ್ದ. ಜೌಗೆಂದರೆ ಸುಮ್ಮನೆ ನಿಂತ ನೀರು ಎಂದು ಜನ ತಿಳಿದಿದ್ದಾರೆ. ಮೇಲಿನಿಂದ ಹಳ್ಳ ಬರುತ್ತದೆ, ಕೆಳಗೆ ತೂಬಿನಿಂದ ಹೋಗುತ್ತದೆ, ನಡುವೆ ಜೊಂಡು ಬೆಳೆದ ನಡುಗಡ್ಡೆಯಲ್ಲಿ ಹಕ್ಕಿಗಳು ನೆಲಕ್ಕೆ ಒತ್ತಿಕೊಂಡೇ ಗೂಡು ಕಟ್ಟುತ್ತವೆ. ಮೇಲೆ ಮಳೆಯಾಗಿ ತೂಬು ಎತ್ತದಿದ್ದರೆ ಗೂಡು ಮುಳುಗುತ್ತದೆ. ಎತ್ತಿದ್ದನ್ನು ಇಳಿಸದಿದ್ದರೆ ನೀರು ಸರಿದು ನಾಯಿಗಳು ನಡೆದುಕೊಂಡೇ ಗಡ್ಡೆಗೆ ಹೋಗುತ್ತವೆ. ಒಂದು ಗೇಣು ಆಚೆ, ಒಂದು ಗೇಣು ಈಚೆ. ಅಷ್ಟರಲ್ಲಿ ಇಪ್ಪತ್ತೆರಡು ವರ್ಷ ಕಳೆದವು. ಸೊಂಟದವರೆಗೆ ಇಳಿದು ಕಳೆ ಕಿತ್ತದ್ದು, ಜೊಂಡು ಕೊಯ್ದದ್ದು, ಜ್ವರದಲ್ಲಿ ಹೋಗಿ ತೂಬಿನ ತಿರುಪು ತಿರುವಿದ್ದು, ಇದಕ್ಕೆಲ್ಲ ರಿಜಿಸ್ಟರಿನಲ್ಲಿ ಕಾಲಮ್ಮೇ ಇರಲಿಲ್ಲ. ಇದೆಲ್ಲ ಸೇರಿದರೆ ತಿಂಗಳ ಕೊನೆಗೆ ಯಥಾಸ್ಥಿತಿ. ಮೈಮುರಿದು ದುಡಿದು ಏನೂ ಆಗದ ಹಾಗೆ ನೋಡಿಕೊಂಡವನಿಗೆ, ಏನೂ ಆಗಿಲ್ಲವಲ್ಲ, ನೀನು ಯಾಕೆ ಎಂದು ಕೇಳಿದರೆ ಅವನು ಏನು ಹೇಳಬೇಕು?

ಹೇಳಬಹುದಾದದ್ದು ಒಂದಿತ್ತು. ನಿನ್ನೆ ಕಾಗದ ಓದಿದ ಗಳಿಗೆಯಿಂದ ಅದನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ. ಹದಿನೇಳು ವರ್ಷದ ಹಿಂದೆ ಪುಟ್ಟಿ ಬರೆದ ನೀರುಕೋಳಿಯ ಚಿತ್ರಕ್ಕೆ ದೊಡ್ಡ ನಗರದಲ್ಲಿ ಬಹುಮಾನ ಬಂತು. ಕರೆದುಕೊಂಡು ಹೋಗಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಒಂದೇ ದಿನವಲ್ಲವೇ ಎಂದು ತೂಬು ಇಳಿಸಿ, ಯಾರಿಗೂ ಹೇಳದೆ, ರಜೆಯನ್ನೂ ಬರೆಯದೆ ಹೋದ. ಬಹುಮಾನ ಕೈಗೆ ಬಂದ ಮೇಲೆ ಹುಡುಗಿ, “ಇನ್ನೊಂದು ದಿನ ದೊಡ್ಡಪ್ಪಾ, ಮೃಗಾಲಯ ನೋಡೋಣ,” ಎಂದಳು. ಮಾರನೇ ದಿನ, “ಇನ್ನೊಂದೇ ಒಂದು ದಿನ,” ಎಂದಳು. ಪಂಜರದೊಳಗಿನ ಹಕ್ಕಿಗಳ ಹೆಸರನ್ನು ಅವಳು ಗಟ್ಟಿಯಾಗಿ ಹೇಳುವುದು, ಸುತ್ತಲಿನವರು ತಿರುಗಿ ನೋಡುವುದು, ಅವನಿಗೆ ಎದೆ ಉಬ್ಬಿ ಮೂರು ದಿನ ಹೋದದ್ದೇ ತಿಳಿಯಲಿಲ್ಲ. ವಾಪಸು ಬಂದಾಗ ಮೇಲೆಲ್ಲೋ ಮಳೆ ಸುರಿದು ನಡುಗಡ್ಡೆಯ ಕುತ್ತಿಗೆಗೆ ನೀರು ಬಂದಿತ್ತು. ಮೊಟ್ಟೆಗಳು ತೇಲುತ್ತಿದ್ದವು. ತಾಯಿಹಕ್ಕಿಗಳು ಗೂಡಿದ್ದ ಜಾಗ ಬಿಡದೆ ನೀರಿನಲ್ಲೇ ನಿಂತಿದ್ದವು. ಪುಟ್ಟಿ ಏರಿಯ ಮೇಲೆ ಅಳದೆ ನಿಂತು ಎಣಿಸಿದಳು. ಅಭ್ಯಾಸಬಲ. ತಿಂಗಳ ಕೊನೆಗೆ ಅವಳ ಎದುರಿನಲ್ಲೇ ಅವನು ಯಥಾಸ್ಥಿತಿ ಎಂದು ಬರೆದ. ಚುಕ್ಕಿ ಹೊಟ್ಟೆಯ ಆಚೆ ಬಿತ್ತು. “ಯಾರಿಗೂ ಹೇಳಬೇಡ ಪುಟ್ಟಿ, ಕೆಲಸ ಹೋಗುತ್ತೆ,” ಎಂದ. “ಇಲ್ಲ ದೊಡ್ಡಪ್ಪ,” ಎಂದಿದ್ದಳು. ಹನ್ನೆರಡು ವರ್ಷದ ಹುಡುಗಿ ಅಷ್ಟು ಗಂಭೀರವಾಗಿ ಹೇಳಿದ್ದು ಕೇಳಿ ಅವನಿಗೆ ಸಮಾಧಾನವೇ ಆಗಿತ್ತು. ಆ ಸಮಾಧಾನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಾವಲುಗಾರ ಮೂರೇ ದಿನ ಇಲ್ಲದಿದ್ದಾಗ ಏನಾಯಿತು ಎಂಬುದಕ್ಕಿಂತ ಬೇರೆ ಸಾಕ್ಷಿ ಬೇಕೇ? ಅದು ವರದಿಯಲ್ಲಿ ಒಂದು ಸಾಲು ಬಂದಿದ್ದರೆ ಅನುದಾನ ನಿಲ್ಲಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಬರೆಯಬಲ್ಲವಳು ಪ್ರಪಂಚದಲ್ಲಿ ಒಬ್ಬಳೇ ಇದ್ದಳು. ಅವಳು ಬರೆಯಲಿಲ್ಲ. ಹಾಗಾದರೆ ತಾನೇ ಹೇಳಬೇಕು. ಹೇಳಿದರೆ ಇಪ್ಪತ್ತೆರಡು ಪುಸ್ತಕವೂ ರದ್ದಿ; ಇವನು ಸುಳ್ಳು ಬರೆದವನು ಎಂದು ಊರಿಗೆ ಊರೇ ಆಡಿಕೊಳ್ಳುತ್ತದೆ. ಹೇಳದಿದ್ದರೆ ಒಂದನೇ ತಾರೀಕಿನಿಂದ ತೂಬಿಗೆ ಬೀಗ. ಇನ್ನು ಒಂಬತ್ತೇ ದಿನ. ಮೊನ್ನೆಯಷ್ಟೇ ನೀರುಕೋಳಿಗಳು ಕಾವಿಗೆ ಕೂತಿವೆ. ಮರಿಯಾಗಲು ಮೂರು ವಾರ ಬೇಕು.

ಹನ್ನೊಂದೂಕಾಲಿಗೆ ಒಳಗೆ ಕರೆದರು. ಉದ್ದ ಮೇಜು, ಆರು ಜನ, ಆರು ಟೀ ಕಪ್ಪು, ಬಾಗಿಲ ಪಕ್ಕ ಅವನಿಗೊಂದು ಕುರ್ಚಿ. ಪುಟ್ಟಿ ಗೋಡೆಯ ಮೇಲೆ ಚಿತ್ರ ತೋರಿಸುತ್ತಿದ್ದಳು. ಅವನ ಕಡೆ ಒಮ್ಮೆ ನೋಡಿ, ಅಪರಿಚಿತರಿಗೆ ಆಡಿಸುವಷ್ಟೇ ತಲೆ ಆಡಿಸಿದಳು. ಬಿಳಿ ಅಂಗಿ, ಕತ್ತರಿಸಿದ ಕೂದಲು, ಎಲ್ಲೂ ತಡವರಿಸದ ಮಾತು. ಹೀಗೆ ಮಾತಾಡುವುದನ್ನು ಎಲ್ಲಿ ಕಲಿತಳಪ್ಪಾ ಎಂದು ಒಂದು ಕ್ಷಣ, ನಾಚಿಕೆಗೆಟ್ಟ ಮನಸ್ಸು, ಹೆಮ್ಮೆಪಟ್ಟಿತು. ಇರುವ ನಿಧಿ ಎರಡು ಪ್ರದೇಶಗಳಲ್ಲಿ ಒಂದಕ್ಕೆ ಮಾತ್ರ ಸಾಲುತ್ತದೆ, ಎಂದಳು. ಇನ್ನೊಂದಾದ ಕುರುಚಲು ಗುಡ್ಡದಲ್ಲಿ ವಾರಕ್ಕೊಮ್ಮೆ ಕೊಡಲಿಗೆ ಮರ ಬೀಳುತ್ತಿದೆ, ಎರಡು ಸಲ ಬೆಂಕಿ ಬಿದ್ದಿದೆ. ಚಿತ್ರದಲ್ಲಿ ಕರಕಲಾದ ಇಳಿಜಾರು, ಸುಟ್ಟ ಆಮೆಯ ಚಿಪ್ಪು. ಅದು ಸುಳ್ಳಾಗಿರಲಿಲ್ಲ. ಅವನಿಗೂ ಮರುಕವೇ ಆಯಿತು. ನಂತರ ಅವನ ಜೌಗು ಬಂತು, ಬಿಸಿಲಿನಲ್ಲಿ ಹೊಳೆಯುತ್ತ, ಸುಖವಾಗಿ, ಯಾರ ಹಂಗೂ ಇಲ್ಲದ ಹಾಗೆ. ಅಷ್ಟು ಚೆನ್ನಾಗಿ ಇಟ್ಟುಕೊಂಡದ್ದೇ ತಪ್ಪಾಯಿತೆಂದು ಅವನಿಗೆ ಹೊಳೆದು, ಎಲ್ಲರ ನಡುವೆ ಜೋರಾಗಿ ನಕ್ಕುಬಿಡುವ ಹಾಗಾಯಿತು.

“ಏನಪ್ಪಾ, ನಿಮ್ಮದೇನಾದ್ರೂ ಹೇಳೋದಿದ್ಯಾ?” ಎಂದರು ಅಧ್ಯಕ್ಷರು. ವಯಸ್ಸಾದವರು, ಕೆಟ್ಟವರಲ್ಲ, ಬಿಸ್ಕತ್ತನ್ನು ಮೆಲ್ಲಗೆ ಮುರಿಯುತ್ತಿದ್ದರು.

ಅವನು ಎದ್ದು ನಿಂತ. ಕೂತೇ ಹೇಳಿ ಎಂದರು. ಕೂತ. ಮಾತಾಡಲೆಂದು ಮತ್ತೆ ಎದ್ದ. “ಯಥಾಸ್ಥಿತಿ ಅಂದ್ರೆ ಸುಮ್ನೆ ಇತ್ತು ಅಂತಲ್ಲ ಸಾರ್. ಇದ್ದ ಹಾಗೆ ಇಟ್ಟೆ ಅಂತ.”

“ಹಾಗಿದ್ರೆ ಹಾಗೇ ಬರೀಬೇಕಿತ್ತಲ್ಲಪ್ಪಾ,” ಎಂದರು ಅಧ್ಯಕ್ಷರು. ಯಾರೋ ಸಣ್ಣಗೆ ನಕ್ಕರು.

“ಒಂದು ತಿಂಗಳು ಸುಳ್ಳು ಬರೆದಿದ್ದೀನಿ ಸಾರ್.” ಅವನಿಗೆ ತನ್ನ ದನಿ ಯಾರದೋ ಎನ್ನಿಸಿತು. ಆದರೆ ಶುರುವಾದದ್ದು ನಿಲ್ಲಲಿಲ್ಲ. ತೂಬು ಇಳಿಸಿ ಹೋದದ್ದು, ಮೂರು ದಿನ, ಮಳೆ, ನಲವತ್ತಮೂರು ಗೂಡು, ತೇಲಿದ ಮೊಟ್ಟೆ, ಒಂದೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಮೈ ಹಗುರಾಯಿತು. ಹದಿನೇಳು ವರ್ಷ ಇಷ್ಟನ್ನು ಯಾಕೆ ಹೊತ್ತುಕೊಂಡಿದ್ದೆ ಎನ್ನಿಸುವಷ್ಟು. “ಮೂರೇ ದಿನಕ್ಕೆ ಸಾರ್. ಇನ್ನು ತಿಂಗಳುಗಟ್ಟಲೆ ಬೀಗ ಹಾಕಿದ್ರೆ ಅಲ್ಲೇನೂ ಉಳಿಯಲ್ಲ.”

ಅಧ್ಯಕ್ಷರು ಬಿಸ್ಕತ್ತು ಕೆಳಗಿಟ್ಟರು. “ಇದನ್ನ ಬೇರೆ ಯಾರಾದ್ರೂ ನೋಡಿದ್ದಾರಾ?”

“ಪುಟ್ಟಿ ನೋಡಿದಾಳೆ,” ಎಂದ. ಎಲ್ಲರೂ ಅವನ ಮುಖ ನೋಡಿದ್ದರಿಂದ ಬೆರಳು ತೋರಿಸಬೇಕಾಯಿತು. “ಇವಳೇ ಸಾರ್. ನನ್ನ ತಮ್ಮನ ಮಗಳು. ಆಗ ಹನ್ನೆರಡು ವರ್ಷ. ಎಣಿಸಿದ್ದೇ ಇವಳು.”

ಪುಟ್ಟಿ ಎಂಬ ಹೆಸರಿಗೆ ಮೇಜಿನ ಸುತ್ತ ಒಂದು ನಗೆ ಹಾದುಹೋಯಿತು. ಅವಳ ಕಿವಿ ಕೆಂಪಾದವು. ಚಿಕ್ಕಂದಿನಲ್ಲೂ ಅವಳಿಗೆ ಮೊದಲು ಕಿವಿಯೇ ಕೆಂಪಾಗುತ್ತಿತ್ತು. ಅವಳು ಎದುರಿನ ಹಾಳೆಗಳನ್ನು ಒಂದರ ಮೇಲೊಂದು ಕೂಡಿಸಿ, ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡಿದಳು. ಈಗ ಹೇಳುತ್ತಾಳೆ ಎಂದುಕೊಂಡ. ಅನುಮಾನವೇ ಇರಲಿಲ್ಲ ಅವನಿಗೆ. ಕೇಳುವವರಿಲ್ಲದ್ದರಿಂದ ಇಷ್ಟು ದಿನ ಹೇಳಿರಲಿಲ್ಲ, ಅಷ್ಟೇ, ಹುಚ್ಚು ಹುಡುಗಿ.

“ನನಗೆ ಅಂಥದ್ದೇನೂ ನೆನಪಿಲ್ಲ ಸಾರ್,” ಎಂದಳು. “ರಿಜಿಸ್ಟರಿನಲ್ಲಿ ಆ ತಿಂಗಳೂ ಯಥಾಸ್ಥಿತಿ ಅಂತಲೇ ಇದೆ. ಇವರಿಗೆ ಆ ಜಾಗದ ಮೇಲೆ ತುಂಬಾ ಪ್ರೀತಿ.”

ಇವರಿಗೆ ಎಂದಳು. ಆಮೇಲೆ ಏನೇನು ಮಾತಾಯಿತೋ ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಅಧ್ಯಕ್ಷರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟು, “ಅಭಿಮಾನ ಇರ್ಬೇಕಪ್ಪಾ, ಆದ್ರೆ ಅದಕ್ಕೋಸ್ಕರ ಸುಳ್ಳು ಹೇಳಬಾರದು. ಇಪ್ಪತ್ತೆರಡು ವರ್ಷ ಚೊಕ್ಕವಾಗಿ ಬರೆದಿದ್ದೀರಿ, ಅದನ್ನ ನೀವೇ ಯಾಕೆ ಕೆಡಿಸ್ಕೋತೀರಿ?” ಎಂದದ್ದು ಮಾತ್ರ ಕೇಳಿಸಿತು. ಬದುಕಿನಲ್ಲಿ ಬರೆದ ಒಂದೇ ಒಂದು ಸುಳ್ಳು ಸತ್ಯವಾಯಿತು, ಮೈಯೆಲ್ಲ ಬೆವರಿ ಹೇಳಿದ ಸತ್ಯ ಸುಳ್ಳಾಯಿತು. ಆ ಕೈ ಹೆಗಲಿನಿಂದ ಯಾವಾಗ ಹೋದೀತೋ ಎಂದು ಅವನು ಕಾಯುತ್ತ ನಿಂತ. ಒಂದನೇ ತಾರೀಕಿಗೆ ತೂಬು ಮುಚ್ಚಿ ಕೀಲಿಯನ್ನು ಕಚೇರಿಗೆ ಒಪ್ಪಿಸತಕ್ಕದ್ದು ಎಂದು ಗುಮಾಸ್ತ ಗಟ್ಟಿಯಾಗಿ ಓದಿದ.

ಮೆಟ್ಟಿಲಿನ ತಿರುವಿನಲ್ಲಿ ಅವಳು ಬಂದು ಸೇರಿಕೊಂಡಳು. “ದೊಡ್ಡಪ್ಪ, ಊಟ ಮಾಡ್ಕೊಂಡು ಹೋಗಿ. ಕೆಳಗೆ ಕ್ಯಾಂಟೀನಿದೆ.” ಹಸಿವಿಲ್ಲ ಎನ್ನಬೇಕಿತ್ತು. ಕೆನ್ನೆಗೆ ಎರಡು ಬಾರಿಸಬೇಕಿತ್ತು. ಅವನು ಅವಳ ಹಿಂದೆ ಇಳಿದು ಹೋಗಿ, ಅವಳು ತೋರಿಸಿದ ಕುರ್ಚಿಯಲ್ಲಿ ಕೂತ. ಅವಳೇ ಸಾಲಿನಲ್ಲಿ ನಿಂತು ಎರಡು ತಟ್ಟೆ ತಂದಳು. ಅವನ ತಟ್ಟೆಯ ಅಂಚಿಗೆ ಅಂಟಿದ್ದನ್ನು ಒರೆಸಿ ಮುಂದಿಟ್ಟಳು. ಪಕ್ಕದ ಮೇಜಿನಲ್ಲಿ ಗುಮಾಸ್ತರು ಯಾರದೋ ವರ್ಗಾವಣೆ ಬಗ್ಗೆ ತಮಾಷೆ ಮಾಡುತ್ತಿದ್ದರು. ಹಾಳು ಹೊಟ್ಟೆ, ಅವಮಾನಕ್ಕೂ ತನಗೂ ಸಂಬಂಧವೇ ಇಲ್ಲವೆನ್ನುವ ಹಾಗೆ ಚುರುಗುಟ್ಟುತ್ತಿತ್ತು. ಅವನು ತಿಂದ.

“ನಿಜವಾಗ್ಲೂ ನೆನಪಿಲ್ವಾ ಪುಟ್ಟಿ?” ಎಂದು ಕೇಳಿದ.

“ನೀರುಕೋಳಿದು ಮೂವತ್ತೊಂದು, ಬಾತುದು ಹನ್ನೆರಡು,” ಎಂದಳು ಅವಳು. “ಒಂದು ಬಾತು ನೀರಲ್ಲಿ ನಿಂತ್ಕೊಂಡೇ ಮೊಟ್ಟೆನ ಕೊಕ್ಕಲ್ಲಿ ಹತ್ತಿರ ಎಳ್ಕೊಳ್ತಿತ್ತು. ನೀವದನ್ನ ನೋಡ್ಲಿಲ್ಲ. ನಾನು ನೋಡಿದೆ.”

ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಮತ್ತೆ?”

“ಯಾರಿಗೂ ಹೇಳಬೇಡ ಅಂದವರು ಯಾರು ದೊಡ್ಡಪ್ಪ?” ಎಂದು ಅವಳು ದನಿ ಏರಿಸಿ, ಪಕ್ಕದವರು ನೋಡಿದ್ದರಿಂದ ಇಳಿಸಿದಳು. “ಬಿಡಿ, ಅದಲ್ಲ. ಹೇಳಿದ್ರೆ ಜೌಗು ಉಳೀತಿತ್ತೇನೋ. ನೀವು ಉಳೀತಿರಲಿಲ್ಲ. ಸುಳ್ಳು ದಾಖಲೆ ಬರೆದವರನ್ನ ಇವರು ಒಂದು ದಿನಾನೂ ಇಟ್ಕೊಳ್ಳಲ್ಲ. ಇನ್ಯಾರೋ ಬಂದು ತೂಬು ಎತ್ತುತ್ತಿದ್ರು. ನೀವು ಮನೇಲಿ ಕೂತು ದೊಡ್ಡಮ್ಮನ ಗೌನಿಗೆ ಗುಂಡಿ ಹಚ್ಚಬೇಕಿತ್ತು.” ಚೀಲದಿಂದ ಒಂದು ಹಾಳೆ ತೆಗೆದು ತಟ್ಟೆಯ ಪಕ್ಕ ಇಟ್ಟಳು. “ಗುಡ್ಡಕ್ಕೆ ಕಾವಲಿನವರು ಬೇಕು. ಕಾಯಂ ಕೆಲಸ, ಮುಂದೆ ಪಿಂಚಣಿ ಇದೆ. ಇಪ್ಪತ್ತೆರಡು ವರ್ಷದ ತಪ್ಪಿಲ್ಲದ ದಾಖಲೆ ಅಂತ ನಿಮ್ಮ ಹೆಸರು ಬರೆದಿದ್ದೀನಿ. ಅಧ್ಯಕ್ಷರು ಈಗಷ್ಟೇ ಸಹಿ ಹಾಕಿದ್ರು. ನೀವು ಅಷ್ಟೆಲ್ಲಾ ಮಾತಾಡಿದ ಮೇಲೂ.”

ಹಾಳೆಯ ಮೇಲೆ ಅವನ ಹೆಸರಿತ್ತು, ಸಂಬಳದ ಪಟ್ಟಿಯ ಆ ಹೆಸರು. ಅವನು ಅದನ್ನು ಮುಟ್ಟಲಿಲ್ಲ. ತಾನು ಬಂದದ್ದು ಒಂದನ್ನು ಉಳಿಸುವುದಕ್ಕೆ. ಅವಳು ಉಳಿಸಿದ್ದು ಇನ್ನೊಂದನ್ನು, ಅವನನ್ನು. ಕೇಳಿದ್ದೆನೇ ನಾನು? ನನ್ನನ್ನು ಉಳಿಸು ಎಂದು ಇವಳ ಕಾಲು ಹಿಡಿದಿದ್ದೆನೇ? ಹದಿನೇಳು ವರ್ಷದ ಹಿಂದೆ ಒಮ್ಮೆ ಕೇಳಿದ್ದೆ, ಹೌದು, ಅವಳ ಕೈಹಿಡಿದೇ ಕೇಳಿದ್ದೆ. ಆ ಮಾತನ್ನು ಅವಳು ಇವತ್ತಿಗೂ ನಡೆಸುತ್ತಿದ್ದಾಳೆ. ಈ ಹಾಳೆಯನ್ನು ಹರಿದು ತಟ್ಟೆಯಲ್ಲಿ ಹಾಕಿ, ಮೇಲಿನ ಮಹಡಿಗೆ ಹೋಗಿ, ಅಧ್ಯಕ್ಷರ ಬಾಗಿಲಲ್ಲಿ ಕೂತು, ಯಾರಾದರೂ ನಂಬುವವರೆಗೆ ಏಳಬಾರದು. ಹಾಗೆ ಮಾಡುವವರು ಇರುತ್ತಾರೆ. ತಾನು ಹಾಗೆ ಮಾಡುವುದನ್ನು ಅವನು ಪೂರ್ತಿಯಾಗಿ ಕಲ್ಪಿಸಿಕೊಂಡ, ಮೆಟ್ಟಿಲು ಮೆಟ್ಟಿಲಾಗಿ. ಗಡ್ಡೆಯ ಮೇಲೆ ಕಾವಿಗೆ ಕೂತವು ಈಗ ಬಿಸಿಲಿಗೆ ರೆಕ್ಕೆ ಬಿಡಿಸಿ ಮೊಟ್ಟೆಗೆ ನೆರಳು ಮಾಡುವ ಹೊತ್ತು. ಪಿಂಚಣಿ ಎಂದಳಲ್ಲ. ಹೆಂಡತಿಗೆ ಇತ್ತೀಚೆಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಅವನು ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಬಳಿದು ತಿಂದ, ನೀರು ಕುಡಿದ, ಕೈಯನ್ನು ಕರವಸ್ತ್ರಕ್ಕೆ ಒರೆಸಿದ, ಒದ್ದೆ ತಾಗದ ಹಾಗೆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡ.

“ಯಾವತ್ತಿಂದ ಬರಬೇಕು?” ಎಂದ. ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. “ಹೇಳಿ,” ಎಂದ.

ಹುಟ್ಟಿದಾಗಿನಿಂದ ಅವಳಿಗೆ ಅವನ ಬಾಯಿಂದ ಬಹುವಚನ ಬಂದಿರಲಿಲ್ಲ. ಅವಳು ಎರಡು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, ತಲೆ ಎತ್ತದೆ, “ಒಂದನೇ ತಾರೀಕು,” ಎಂದಳು.